ಅಪಸ್ವರ ಮಾಮನ ಎಂಟನೆಯ ಟೇಪು

ಬಿಳಿ ಹಲಗೆಯ ಮೇಲೆ ಹೆಂಡತಿ ಬರೆದದ್ದನ್ನು ಮಾಮ ಎರಡು ಸಲ ಓದಿದ. ಮೊದಲು ಕನ್ನಡಕವಿಲ್ಲದೆ, ಆಮೇಲೆ ಕನ್ನಡಕ ಹಾಕಿಕೊಂಡು. ಕನ್ನಡಕ ಹಾಕಿಕೊಂಡರೆ ಬರೆದದ್ದು ಬದಲಾಗುತ್ತದೆಯೇ? "ನನ್ನ ಹಾಡು ಒಂದ್ಸಲ ಕೇಳಬೇಕು. ಟಿವಿಯವರ ಹತ್ರ ಆ ಟೇಪ್ ಇರುತ್ತಲ್ಲ, ತನ್ನಿ" ಎಂದೇ ಇತ್ತು.

ಗಂಟಲಿನ ಕ್ಯಾನ್ಸರೆಂದು ಅವಳ ಧ್ವನಿಪೆಟ್ಟಿಗೆಯನ್ನೇ ಕತ್ತರಿಸಿ ತೆಗೆದು ಏಳು ತಿಂಗಳಾಗಿತ್ತು. ಕತ್ತಿನ ಬುಡದಲ್ಲಿ ಒಂದು ತೂತು. ಉಸಿರೆಲ್ಲ ಅಲ್ಲಿಂದ, ಮಾತೆಲ್ಲ ಹಲಗೆಯ ಮೇಲೆ. ಬರೆಯುವುದು, ತೋರಿಸುವುದು, ಎದುರಿನವರು ಓದಿಯಾದ ಕೂಡಲೇ ಒಂದು ಹಳೇ ಕಾಲುಚೀಲದಿಂದ ಒರೆಸುವುದು. ಜಗಳವಾಡುವಾಗಲೂ ಅಷ್ಟೇ, ಒರೆಸಿ ಒರೆಸಿ ಬೈಯುತ್ತಿದ್ದಳು. ಅಂದು ಬೆಳಿಗ್ಗೆಯಷ್ಟೇ ಡಾಕ್ಟರು ಮಗಳನ್ನು ಪಕ್ಕಕ್ಕೆ ಕರೆದು, ಇನ್ನು ತಿಂಗಳುಗಳ ಮಾತಿಲ್ಲ, ವಾರಗಳದ್ದು ಎಂದಿದ್ದರು. ಮಗಳು ಕಣ್ಣೊರೆಸಿಕೊಂಡು ನಗುನಗುತ್ತ ಒಳಗೆ ಬಂದಳು. ಹೆತ್ತ ತಾಯಿಗೆ ಅಷ್ಟೂ ತಿಳಿಯುವುದಿಲ್ಲವೇ? ಅವತ್ತು ಸಂಜೆಯೇ ಈ ಬೇಡಿಕೆ ಹಲಗೆಗೆ ಬಂತು.

"ಫೋನಲ್ಲಿ ನಿನ್ನ ಮಾತು ಇದೆಯಲ್ಲಮ್ಮ" ಎಂದು ಮಗಳು ಹುಡುಕಿ ಹಾಕಿದಳು. ಮೂರು ತುಣುಕು ಸಿಕ್ಕವು. ಮೂರರಲ್ಲೂ "ಅದನ್ನ ಆ ಕಡೆ ಹಿಡಿಯೇ, ನನ್ನ ಮುಖ ಯಾರಿಗೆ ಬೇಕು" ಎಂಬ ಗದರಿಕೆ. ಅವಳು ಕೇಳಿ, ಬರೆದಳು: "ಇದು ಬೈಯೋ ದನಿ. ನನಗೆ ಹಾಡೋ ದನಿ ಬೇಕು. ಹೇಗಿತ್ತು ಅಂತಾನೇ ಮರೆತುಹೋಗಿದೆ."

"ನಾಳೇನೇ ಹೋಗ್ತೀನಿ, ಅದೇನು ಮಹಾ" ಎಂದ ಮಾಮ. ಆದರೆ ಆ ಟೇಪು ಇರಲಿಲ್ಲ. ಇಲ್ಲವೆನ್ನುವುದು ಈ ಭೂಮಿಯ ಮೇಲೆ ಒಬ್ಬನೇ ಒಬ್ಬನಿಗೆ ನೆನಪಿತ್ತು. ಆ ಒಬ್ಬ ಈಗ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕನ್ನಡಕ ಒರೆಸುತ್ತ ಕೂತಿದ್ದ.

ಅಪಸ್ವರ ಮಾಮ ಎಂದರೆ ಒಂದು ಕಾಲಕ್ಕೆ ಹಾಲು ಕುಡಿಯುವ ಮಗುವಿಗೂ ಗೊತ್ತು. ಶನಿವಾರ ಸಂಜೆ ಆರೂವರೆಗೆ ಟಿವಿಯಲ್ಲಿ ಅಕಾರ್ಡಿಯನ್ ಹೊತ್ತು ಬರುತ್ತಿದ್ದ, ಸ್ಟೂಲಿನ ಮೇಲೆ ಕೂರುತ್ತಿದ್ದ, ಕಣ್ಣು ಮುಚ್ಚಿ ಎದೆ ಕರಗುವಂತೆ ನುಡಿಸುತ್ತಿದ್ದ. ಇನ್ನೇನು ಹಾಡು ಮುಗಿಯಬೇಕು, ಕೊನೆಯ ಸ್ವರ ಕತ್ತೆ ಅರಚಿದಂತೆ ತಪ್ಪಬೇಕು, ಸ್ಟೂಲಿನ ಕಾಲು ಕಳಚಬೇಕು, ಮಾಮ ಅಂಗಾತ. ವಾರವಾರವೂ ಇದೇ. ಹತ್ತೊಂಬತ್ತು ವರ್ಷ ಬಿದ್ದ ಆಸಾಮಿ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ನಮ್ಮ ಮಾಮ ಮೀಸೆಯನ್ನೇ ಬೋಳಿಸಿಕೊಂಡಿದ್ದ, ಕ್ಯಾಮೆರಾಕ್ಕೆ ಹೊಂದುವುದಿಲ್ಲವೆಂದು.

ಹಾಗಂತ ಅವನು ಹುಟ್ಟು ಕೋಡಂಗಿಯೇನಲ್ಲ. ಹಡಗಿನ ಬ್ಯಾಂಡಿನಲ್ಲಿ ದುಡಿದು ನಿವೃತ್ತನಾದ ಒಬ್ಬ ಮುದುಕನ ಕೈಕೆಳಗೆ ಒಂಬತ್ತು ವರ್ಷ ಕಲಿತವನು. ಮುದುಕ ಸ್ವರ ತಪ್ಪಿದರೆ ಸ್ಕೇಲಿನಿಂದ ಗೆಣ್ಣಿಗೆ ಬಾರಿಸುತ್ತಿದ್ದ. ಅಂಥ ಏಟು ತಿಂದು ತಿದ್ದಿಕೊಂಡ ಬೆರಳುಗಳು ಆಮೇಲೆ ತಪ್ಪು ನುಡಿಸಿಯೇ ಹೊಟ್ಟೆ ಹೊರೆದವಲ್ಲ, ಹಣೆಬರಹಕ್ಕೆ ಹೊಣೆ ಯಾರು!

ಟಿವಿಗೆ ಸೇರಿದಾಗ ಅವನಿಗೆ ಮೂವತ್ತೆರಡು. ಕೊಟ್ಟದ್ದು ಶುದ್ಧ ಸಂಗೀತದ ಅರ್ಧ ಗಂಟೆ. ವಾರಕ್ಕೊಬ್ಬ ಅತಿಥಿ, ಜೊತೆಗೆ ಮಾಮನ ವಾದ್ಯ. ಒಂದು ವಾರ ಬರಬೇಕಾದ ಅತಿಥಿ ಜ್ವರವೆಂದು ಮಲಗಿಬಿಟ್ಟ. ಬೇರೆ ಗತಿಯಿಲ್ಲದೆ ಮಾಮ ತನ್ನ ಹೆಂಡತಿಯನ್ನು ಕರೆತಂದ. ಅವಳು ಶಾಲೆಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದವಳು. ನೀಲಿ ಅಂಗಿ ತೊಟ್ಟು, ಕೈ ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡು, ಮಾಮನೇ ರಾಗ ಹಾಕಿದ ಒಂದು ಹಾಡನ್ನು ಹಾಡಿದಳು. ಮುಗಿದ ಮೇಲೆ ಸ್ಟುಡಿಯೋದಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ಮರೆತೇಬಿಟ್ಟಿದ್ದರು. ಸೌಂಡಿನವನು ಕಿವಿಗೆ ಹಾಕಿದ್ದನ್ನು ತೆಗೆದಿಟ್ಟು ಮೂಗು ಒರೆಸಿಕೊಂಡ. ಅದೇ ಎಂಟನೆಯ ನಂಬರಿನ ಟೇಪು.

ಆಗಿನ ಕಾಲಕ್ಕೆ ಟೇಪೆಂದರೆ ಬಂಗಾರ. ಒಂದು ಕಾರ್ಯಕ್ರಮಕ್ಕೆ ಎಂಟೇ ಎಂಟು ಟೇಪು ಕೊಡುತ್ತಿದ್ದರು. ಒಂಬತ್ತನೆಯದು ಬೇಕೆಂದರೆ ಎಂಟರಲ್ಲಿ ಒಂದನ್ನು ಅಳಿಸಿ ಅದರ ಮೇಲೆಯೇ ಮುದ್ರಿಸಿಕೊಳ್ಳಬೇಕು. ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬಹುದು ಎಂದು ಕಾರ್ಯಕ್ರಮದವನೇ, ಇಲ್ಲವೇ ನಿರ್ದೇಶಕ, ಪುಸ್ತಕದಲ್ಲಿ ಬರೆದು, ಕಾರಣ ಕೊಟ್ಟು, ಸಹಿ ಹಾಕಬೇಕು.

ಮಾಮನ ದೆಸೆ ತಿರುಗಿದ್ದು ಒಂದು ಮೊಳೆಯಿಂದ. ಅವಳು ಹಾಡಿ ಹತ್ತು ತಿಂಗಳಾಗಿರಬೇಕು, ಚಿತ್ರೀಕರಣದ ನಡುವೆ ಅವನ ಸ್ಟೂಲಿನ ಮೊಳೆ ಕಿತ್ತು ಅವನು ದೊಪ್ಪನೆ ಬಿದ್ದ, ವಾದ್ಯ ಕಿರ್ರೋ ಎಂದಿತು. ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿರ್ದೇಶಕ ಓಡಿ ಬಂದು ತಬ್ಬಿಕೊಂಡ. "ಇದಪ್ಪಾ ಬೇಕಾಗಿದ್ದು! ಪ್ರತಿ ವಾರ ಬೀಳಯ್ಯ ನೀನು!" ಮುಂದಿನ ವಾರವೇ ಹೊಸ ಬಗೆಯ ಕಾರ್ಯಕ್ರಮ. ಅದಕ್ಕೊಂದು ಟೇಪು ಬೇಕಾಯಿತು. ಮಾಮ ಎಂಟನೆಯದಕ್ಕೆ ಸಹಿ ಹಾಕಿದ. ಹೆಂಡತಿಯ ಹಾಡಿನ ಮೇಲೆ ಅವನು ಮೊದಲ ಸಲ ಬೇಕೆಂದೇ ಬಿದ್ದ.

ಮನಸ್ಸು ಚುಚ್ಚುತ್ತಿತ್ತು, ಸುಳ್ಳೇಕೆ ಹೇಳಬೇಕು. ಒಂದು ವರ್ಷ ಕಳೆದ ಮೇಲೆ, "ಜನ ಕೇಳ್ತಿದಾರೆ, ಆ ಹಾಡು ಇನ್ನೊಂದ್ಸಲ ಹಾಡು ಬಾ" ಎಂದು ಅವಳನ್ನು ಮತ್ತೆ ಕರೆದ. ಅಷ್ಟು ಹೊತ್ತಿಗೆ ಸ್ಟುಡಿಯೋಕ್ಕೆ ಬರುವವರು ನಗಲಿಕ್ಕೆಂದೇ ಬರುತ್ತಿದ್ದರು. ಅವಳು ಅದೇ ನೀಲಿ ಅಂಗಿಯಲ್ಲಿ ಮೊದಲ ಎರಡು ಸಾಲು ಹಾಡುವವರೆಗೆ ತಡೆದುಕೊಂಡರು. ಆಮೇಲೆ ಒಬ್ಬ ಕಿಸಕ್ಕೆಂದ. ಪಕ್ಕದಲ್ಲಿ ಮಾಮ ಕೂತಿದ್ದಾನಲ್ಲ, ಇನ್ನೇನು ಬೀಳುತ್ತಾನೆಂಬ ಕಾತರ ಅವರಿಗೆ. ನಗು ಸಾಲಿಂದ ಸಾಲಿಗೆ ಹರಡಿತು. ಅವಳ ಕಿವಿ ಕೆಂಪಾದದ್ದನ್ನು ಮಾಮ ಕಂಡ. ನಗುವೆಲ್ಲ ತನ್ನ ಮೇಲೆ ಬೀಳಲಿ, ಅವಳು ಉಳಿದುಕೊಳ್ಳಲಿ ಎಂದು ಸ್ಟೂಲಿನ ಕಾಲು ಒದ್ದು ತಾನೇ ಬಿದ್ದ. ಸ್ಟುಡಿಯೋ ಹಾರಿಹೋಗುವಷ್ಟು ನಗು. ಅವಳು ಮಾತ್ರ ಹಾಡು ನಿಲ್ಲಿಸಲಿಲ್ಲ. ನೆಲದ ಮೇಲೆ ಬಿದ್ದ ಗಂಡನ ಪಕ್ಕ ನಿಂತು, ಕೈ ಬೆನ್ನ ಹಿಂದೆ ಕಟ್ಟಿಕೊಂಡೇ, ಕೊನೆಯ ಸಾಲಿನವರೆಗೆ ಹಾಡಿ ಮುಗಿಸಿದಳು.

ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಹೇಳಿದಳು, "ಹೋಗ್ಲಿ ಬಿಡಿ. ಮೊದಲನೇದು ಇದೆಯಲ್ಲ, ಅಷ್ಟು ಸಾಕು. ಇನ್ನು ನಾನು ಹಾಡಲ್ಲ."

ಹಾಡಲಿಲ್ಲ. ಶಾಲೆಯಲ್ಲಿ ಲೆಕ್ಕದ ಪಾಠ ತೆಗೆದುಕೊಂಡಳು. ಅಡಿಗೆಮನೆಯಲ್ಲಿ ಅಪರೂಪಕ್ಕೆ ಗುನುಗಿದರೂ ಮಾಮನ ಚಪ್ಪಲಿ ಸದ್ದಾದರೆ ಬಾಯಿ ಮುಚ್ಚುತ್ತಿದ್ದಳು. ನೆಂಟರು ಬಂದು, "ನೀವು ಯಾಕೆ ಹಾಡಲ್ಲ?" ಎಂದರೆ, "ನಂದು ಟಿವಿಯವರ ಬೀರುವಿನಲ್ಲಿ ಭದ್ರವಾಗಿದೆ" ಎಂದು ನಗುತ್ತಿದ್ದಳು. ಅವಳು ಹಾಗೆಂದಾಗಲೆಲ್ಲ ಮಾಮ, ಇವತ್ತು ಹೇಳಿಬಿಡೋಣ ಎಂದುಕೊಳ್ಳುತ್ತಿದ್ದ. ಇವತ್ತು ಬೇಡ, ನಾಳೆ. ನಾಳೆ ಬೇಡ, ಮಗಳ ಪರೀಕ್ಷೆ ಮುಗಿಯಲಿ. ಮಗಳು ಓದಿ, ಕೆಲಸ ಹಿಡಿದು, ಮದುವೆಯಾಗಿ, ಗಂಡನನ್ನು ಬಿಟ್ಟು ವಾಪಸ್ಸೂ ಬಂದಳು. ಮಾಮನ ನಾಳೆ ಬರಲಿಲ್ಲ. ಊರನ್ನೆಲ್ಲ ನಗಿಸಿದ ಗಂಡಸಿಗೆ ಮನೆಯಲ್ಲಿ ಒಂದು ಮಾತಾಡಲು ಗಂಡೆದೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಹೊರಟದ್ದು ಒಂದು ಹುಚ್ಚು ಆಸೆಯಿಂದ. ಅಳಿಸುವವನು ಎಲ್ಲಾದರೂ ಮರೆತಿದ್ದರೆ? ಇಲ್ಲವೇ, ಎರಡನೆಯ ಸಲ ಹಾಡಿದ್ದಾದರೂ ಸಿಕ್ಕರೆ? ಮುಳುಗುವವನಿಗೆ ಹುಲ್ಲುಕಡ್ಡಿ.

ಟಿವಿ ಕಟ್ಟಡದ ಗೇಟಿನಲ್ಲಿ ಕಾವಲಿನವನು ತಡೆದ. ಪಾಸಿಲ್ಲದೆ ಬಿಡುವ ಹಾಗಿಲ್ಲ. ಆಮೇಲೆ ಮುಖ ನೋಡಿ ಕಣ್ಣರಳಿಸಿದ. "ಅಯ್ಯೋ, ಅಪಸ್ವರ ಮಾಮ ಅಲ್ವಾ! ನಮ್ಮಪ್ಪ ನಿಮ್ಮನ್ನ ನೋಡ್ದೆ ಊಟಾನೇ ಮಾಡ್ತಿರ್ಲಿಲ್ಲ. ಒಂದ್ಸಲ ಬೀಳಿ ಮಾಮ, ವಿಡಿಯೋ ತಗೋತೀನಿ. ಆಮೇಲೆ ಪಾಸೂ ಬೇಡ, ಏನೂ ಬೇಡ."

"ಎಪ್ಪತ್ತಾಯ್ತಪ್ಪ ನನಗೆ."

"ಸುಮ್ನೆ ಹೀಗೆ ಮೆಲ್ಲಗೆ ಬೀಳಿ ಮಾಮ."

ಮಾಮ ಸುತ್ತ ನೋಡಿದ. ಕನ್ನಡಕ ತೆಗೆದು ಜೇಬಿಗಿಟ್ಟ. ಇಲ್ಲದ ಅಕಾರ್ಡಿಯನ್ನನ್ನು ನಾಲ್ಕು ಸಲ ಎಳೆದು, ಕಾವಲಿನವನ ಪ್ಲಾಸ್ಟಿಕ್ ಕುರ್ಚಿಯ ಮೇಲಿಂದ ಸಿಮೆಂಟಿಗೆ ಬಿದ್ದ. ಸೊಂಟದಲ್ಲಿ ಏನೋ ಚಳಕ್ಕೆಂದಿತು. ಕಾವಲಿನವನು ಚಪ್ಪಾಳೆ ತಟ್ಟಿ, ಕೈಹಿಡಿದು ಎಬ್ಬಿಸಿ, ಗೇಟು ತೆಗೆದ. ಒಳ್ಳೆಯವನೇ ಪಾಪ, ಬೆನ್ನ ಮೇಲಿನ ಧೂಳನ್ನೂ ಕೊಡವಿದ.

ಟೇಪುಗಳ ಉಗ್ರಾಣ ನೆಲಮಾಳಿಗೆಯಲ್ಲಿತ್ತು. ಚಳಿಗೆ ಎರಡು ಸ್ವೆಟರ್ ತೊಟ್ಟ ಉಗ್ರಾಣದ ಹೆಂಗಸು ಹಳೆಯ ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸುತ್ತ ಕೂತಿದ್ದಳು. ಮಾಮ ವಿಷಯ ಹೇಳಿದ; ತಾನು ಅಳಿಸಿದ್ದೊಂದನ್ನು ಬಿಟ್ಟು. ಅವಳು ಕರಗಿಹೋದಳು. "ಅಯ್ಯೋ, ಹುಡುಕೋಣ ಇರಿ ಸಾರ್" ಎಂದು ಮೂವತ್ತೆಂಟು ವರ್ಷದ ಹಿಂದಿನ ಪುಸ್ತಕ ತೆಗೆದು, ಬೆರಳು ಒದ್ದೆ ಮಾಡಿಕೊಂಡು ಹಾಳೆ ತಿರುವಿದಳು. ಮಾಮ ಗೋಡೆಗೆ ಒರಗಿ ಸೊಂಟ ಹಿಡಿದುಕೊಂಡು ನಿಂತಿದ್ದ.

"ಎಂಟು... ಇಲ್ಲಿದೆ ನೋಡಿ. ಛೆ! ಅಳಿಸಬಹುದು ಅಂತ ಬರೆದುಬಿಟ್ಟಿದಾರಲ್ಲ ಸಾರ್. ಯಾರು ಈ ಪುಣ್ಯಾತ್ಮ?" ಎಂದು ಕಾರಣದ ಸಾಲನ್ನು ಜೋರಾಗಿ ಓದಿದಳು. "ಉಳಿದ ಏಳು ಅತಿಥಿಗಳು ಮತ್ತೆ ಸಿಗುವುದು ಕಷ್ಟ. ಈ ಗಾಯಕಿ ಮನೆಯಲ್ಲೇ ಇರುತ್ತಾರೆ, ಯಾವಾಗ ಬೇಕಾದರೂ ಹಾಡಿಸಿಕೊಳ್ಳಬಹುದು."

ಓದಿ, ಸಹಿ ನೋಡಿ, ತಲೆಯೆತ್ತಿ ಮಾಮನನ್ನು ನೋಡಿದಳು. ಮತ್ತೆ ಪುಸ್ತಕ ನೋಡಿದಳು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ. ಆ ಏಳರಲ್ಲಿ ಒಬ್ಬ ಕೊಳಲಿನ ಮುದುಕನಿದ್ದ, ದೂರದಿಂದ ಬಂದ ಮಕ್ಕಳ ಮೇಳವಿತ್ತು, ಯಾರ್‍ಯಾರೋ ಇದ್ದರು. ಒಬ್ಬರ ಮುಖವೂ ಮಾಮನಿಗೆ ಈಗ ಸರಿಯಾಗಿ ನೆನಪಾಗಲಿಲ್ಲ. ಆಗ ಮಾತ್ರ ಅದು ತುಂಬ ನ್ಯಾಯವಾದ ತೀರ್ಮಾನವೆನಿಸಿತ್ತು. ಪೆನ್ನಿನ ಮುಚ್ಚಳ ಹಾಕಿಕೊಂಡು, ಶಿಳ್ಳೆ ಹೊಡೆಯುತ್ತ ಮೆಟ್ಟಿಲು ಹತ್ತಿದ್ದ.

"ಇನ್ನೊಂದು ಇದೆ" ಎಂದಳು ಹೆಂಗಸು ಮೆಲ್ಲಗೆ. "ಅದೇ ಗಾಯಕಿ. ಇದನ್ನ ಉಳಿಸಿದಾರೆ. ಕಾರಣ ಏನಂದ್ರೆ..." ಓದಲು ಹೋಗಿ ನಿಲ್ಲಿಸಿದಳು. ಮಾಮ ಬಗ್ಗಿ ತಾನೇ ಓದಿದ. ನಿರ್ದೇಶಕನ ಅಕ್ಷರ: "ಇಷ್ಟು ನಗು ಹಿಂದೆಂದೂ ಬಂದಿಲ್ಲ."

ಆ ಟೇಪಿನ ಪ್ರತಿಯನ್ನು ಹಿಡಿದು ಮಾಮ ನೇರ ಹೋದದ್ದು ಕಿವಿಯಣ್ಣನ ಮನೆಗೆ. ಅದೇ ಹಳೆಯ ಸೌಂಡಿನವನು, ಹಾಡು ಕೇಳಿ ಮೂಗು ಒರೆಸಿಕೊಂಡಿದ್ದವನು. ಪಕ್ಕದ ಕೋಣೆಯಲ್ಲಿ ಸೂಜಿ ಬಿದ್ದರೂ ಯಾವ ನಂಬರಿನ ಸೂಜಿಯೆಂದು ಹೇಳುತ್ತಾನೆಂದು ಆ ಹೆಸರು. ಈಗಲೂ ಎರಡು ಕೋಣೆಯ ಮನೆಯಲ್ಲಿ ವೈರುಗಳ ನಡುವೆ ಸಂಸಾರ.

ಎಂಟನೆಯದನ್ನು ತಾನೇ ಅಳಿಸಿದ್ದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿ, "ನಗು ತೆಗೆದು ಹಾಡು ಉಳಿಸಿಕೊಡೋ" ಎಂದ ಮಾಮ.

ಕಿವಿಯಣ್ಣ ಮೂರು ದಿನ ತಿಣುಕಿದ. ನಾಲ್ಕನೇ ದಿನ ಕರೆದು ಕೂರಿಸಿ ಹೇಳಿದ, "ಆಗಲ್ವೋ. ನಗು, ಹಾಡು ಎರಡೂ ಒಂದರ ಮೇಲೊಂದು ಕೂತಿವೆ. ನಗು ತೆಗೆದ್ರೆ ಅವಳ ದನೀನೂ ಹೋಗುತ್ತೆ, ತಗಡು ಬಡಿದ ಹಾಗೆ ಆಗುತ್ತೆ. ನಗು ಶುರುವಾಗೋ ಮೊದಲಿನ ಎರಡು ಸಾಲು ಮಾತ್ರ ಚೊಕ್ಕವಾಗಿದೆ. ಮೂವತ್ತೆಂಟು ಸೆಕೆಂಡು."

"ಅಷ್ಟೇ ಕೊಡು. ಮಿಕ್ಕಿದ್ದು ಹಾಳಾಗಿದೆ ಅಂತೀನಿ."

"ನಿಜ ಹೇಳಿಬಿಡೋ ಮಾರಾಯ. ಇನ್ನೆಷ್ಟು ದಿನ ಇರ್ತಾಳೆ ಅವಳು?"

"ಅದಕ್ಕೇ ಹೇಳಲ್ಲ" ಎಂದ ಮಾಮ. ಮೂವತ್ತೆಂಟು ಸೆಕೆಂಡನ್ನು ಇಬ್ಬರೂ ಹತ್ತು ಸಲ ಕೇಳಿದರು. ಉಸಿರು, ಕೆಮ್ಮು, ಗುಸುಗುಸು ಎಲ್ಲ ಸೋಸಿ ತೆಗೆದಿದ್ದ ಕಿವಿಯಣ್ಣ. ಕೂದಲಿನಷ್ಟೂ ಹುಳುಕಿಲ್ಲ ಎಂದು ಇಬ್ಬರೂ ಒಪ್ಪಿದರು. ಒಬ್ಬ ಊರಿಗೇ ದೊಡ್ಡ ಕಿವಿ, ಇನ್ನೊಬ್ಬ ಒಂಬತ್ತು ವರ್ಷ ಏಟು ತಿಂದು ಸ್ವರ ಕಲಿತವನು.

ಮಧ್ಯಾಹ್ನ ಮನೆಗೆ ಬಂದಾಗ ಹೆಂಡತಿ ದಿಂಬಿಗೆ ಒರಗಿ ಬಾಗಿಲನ್ನೇ ನೋಡುತ್ತಿದ್ದಳು. ತಲೆ ಬಾಚಿಸಿಕೊಂಡಿದ್ದಳು. ಕತ್ತಿನ ತೂತಿಗೆ ಹೊಸ ಬಟ್ಟೆ ಕಟ್ಟಿಸಿಕೊಂಡಿದ್ದಳು, ಮನೆಗೆ ಯಾರೋ ಬರುವವರಿದ್ದಾರೆ ಎಂಬ ಹಾಗೆ. ಮಗಳು ಅಡಿಗೆಮನೆಯಲ್ಲಿ ಅಮ್ಮನಿಗೆ ಮೂಗಿನ ನಳಿಗೆಯಲ್ಲಿ ಹಾಕುವ ಹಾಲನ್ನು ಸೋಸುತ್ತಿದ್ದಳು.

"ಪೂರ್ತಿ ಇಲ್ಲ ಕಣೇ. ಟೇಪು ಹಳೇದಲ್ವಾ, ಬೂಷ್ಟು ಹಿಡಿದಿತ್ತು. ಎರಡು ಸಾಲು ಉಳಿದಿದೆ" ಎಂದು ಮಾಮ ಅವಳ ಕಿವಿಗೆ ಹೆಡ್‌ಫೋನು ಸಿಕ್ಕಿಸಿದ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಅಸಹ್ಯವಾಯಿತು.

ಅಕಾರ್ಡಿಯನ್ ಶುರುವಾದಾಗ ಅವಳು ಕಣ್ಣು ಮುಚ್ಚಿದಳು. ತನ್ನ ದನಿ ಬಂದ ಕ್ಷಣ ಕೈ ತಾನಾಗಿ ಕತ್ತಿನ ಬಟ್ಟೆಯ ಮೇಲೆ ಹೋಯಿತು. ಒಂದನೆಯ ಸಾಲು. ಮುಖದಲ್ಲಿ ಏಳು ತಿಂಗಳಿಂದ ಕಾಣದ ಕಳೆ. ದೇವರೇ, ಇಷ್ಟಾದರೂ ದಕ್ಕಿತಲ್ಲ ಎಂದುಕೊಂಡ ಮಾಮ.

ಎರಡನೆಯ ಸಾಲಿನ ನಡುವೆ ಅವಳು ಕಣ್ಣು ಬಿಟ್ಟಳು.

ಹಾಡು ಮುಗಿಯಿತು. ಅವಳು ಬೆರಳು ತಿರುಗಿಸಿ ಸನ್ನೆ ಮಾಡಿದಳು, ಇನ್ನೊಮ್ಮೆ. ಮಾಮ ಹಾಕಿದ. ಮತ್ತೆ ಅದೇ ಜಾಗದಲ್ಲಿ ಅವಳ ಹುಬ್ಬು ಗಂಟಾಯಿತು. ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡು ಹಲಗೆಗೆ ಕೈ ಚಾಚಿದಳು. ಒಂದೇ ಪದ ಬರೆದಳು: "ಸ್ಟೂಲು."

ಮಾಮನಿಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಬೀಳಲಿಕ್ಕೆಂದೇ ಕಾಲು ಸಡಿಲ ಮಾಡಿಸಿದ್ದ ಆ ಸ್ಟೂಲು, ಅವನು ಅಲುಗಿದಾಗಲೆಲ್ಲ ಕಿರ್ ಎನ್ನುತ್ತಿತ್ತು. ಹತ್ತೊಂಬತ್ತು ವರ್ಷ ಅದರ ಮೇಲೆ ಕೂತವನಿಗೂ, ಹತ್ತೊಂಬತ್ತು ವರ್ಷ ಅದನ್ನು ಮುದ್ರಿಸಿದವನಿಗೂ ಆ ಕಿರ್ ಸದ್ದೇ ಅಲ್ಲ. ಗಡಿಯಾರದ ಟಿಕ್ ಟಿಕ್ ಯಾರಿಗೆ ಕೇಳುತ್ತದೆ? ಸೂಜಿ ಬಿದ್ದರೆ ಕೇಳುವ ಕಿವಿಯಣ್ಣನೂ ಅದನ್ನು ಹಾಗೆಯೇ ಬಿಟ್ಟಿದ್ದ. ಮೊದಲನೆಯ ಸಲ ಅವಳು ಹಾಡಿದಾಗ ಸ್ಟೂಲು ಬಂದೇ ಇರಲಿಲ್ಲ, ಮಾಮ ಕೂತಿದ್ದುದು ಮಾಮೂಲು ಮರದ ಕುರ್ಚಿಯ ಮೇಲೆ.

ಅವಳು ಒರೆಸಿ ಬರೆದಳು: "ಇದು ಜನ ನಕ್ಕ ಸಲದ್ದು. ಮೊದಲನೇದು ಎಲ್ಲಿ?"

ಇನ್ನೊಂದು ಸುಳ್ಳು ಹುಡುಕಿದ ಮಾಮ. ಬಾಯಿ ತೆರೆದ, ಅದು ಬರಲಿಲ್ಲ. "ಇಲ್ಲ" ಎಂದ. "ನಾನೇ ಅಳಿಸ್ದೆ. ಬೀಳೋ ಕಾರ್ಯಕ್ರಮಕ್ಕೆ ಟೇಪ್ ಬೇಕಿತ್ತು. ನೀನು ಮನೇಲೇ ಇರ್ತೀಯಲ್ಲ, ಮತ್ತೆ ಹಾಡಿಸಿದ್ರಾಯ್ತು ಅಂತ... ಹಾಡಿಸೋಕೆ ಕರೆದೆ ಕೂಡ. ಆಮೇಲೆ ಹೀಗಾಯ್ತು. ಆಮೇಲೆ ಹೇಳೋಕೆ ಆಗ್ಲಿಲ್ಲ ಕಣೇ. ನನ್ನ ಬೈ. ಏನಾದ್ರೂ ಬರಿ."

ಅವಳು ಬೈಯಲಿಲ್ಲ. ಅಳಲೂ ಇಲ್ಲ. ಕಾಲುಚೀಲದಿಂದ ಹಲಗೆಯನ್ನು ಮೂಲೆ ಮೂಲೆಗೂ ಒರೆಸಿದಳು. ಕತ್ತಿನ ಬಟ್ಟೆ ಉಸಿರಿಗೆ ಏರಿಳಿಯುತ್ತಿತ್ತು. ಆಮೇಲೆ ಪಾಠ ಹೇಳುತ್ತಿದ್ದ ಕಾಲದ ದುಂಡು ಅಕ್ಷರಗಳಲ್ಲಿ, ಹಲಗೆಯ ಅಂಚಿನಿಂದ ಅಂಚಿಗೆ ಬರೆದು ಅವನ ಕಡೆ ತಿರುಗಿಸಿದಳು.

"ಅದು ಇದೆ ಅಂತಾನೇ ನಾನು ಸುಮ್ಮನಾಗಿದ್ದು. ಇಲ್ಲ ಅಂತ ಒಂದು ಮಾತು ಹೇಳಿದ್ದಿದ್ರೆ ಇದೇ ಮನೇಲಿ ಕೂತು ಹಾಡಿಕೊಡ್ತಿದ್ದೆ. ಮೂವತ್ತೈದು ವರ್ಷ ಗಂಟಲು ಇತ್ತಲ್ರೀ."

ಮಾಮ ಓದಿದ. ಓದಿಯಾದ ಮೇಲೆ ಎಂದಿನಂತೆ ಅವಳು ಒರೆಸುತ್ತಾಳೆಂದು ಕಾದ. ಅವಳು ಒರೆಸಲಿಲ್ಲ. ಹಲಗೆಯನ್ನು ಅವನ ತೊಡೆಯ ಮೇಲಿಟ್ಟಳು. ಒರೆಸುವ ಕಾಲುಚೀಲವನ್ನೂ ತೆಗೆದು ಅವನ ಕೈಗೆ ಕೊಟ್ಟಳು. ಆಮೇಲೆ ಮೆಲ್ಲಗೆ, ನಳಿಗೆ ಎಳೆಯದ ಹಾಗೆ ಜೋಪಾನವಾಗಿ, ಗೋಡೆಯ ಕಡೆ ಹೊರಳಿ ಮಲಗಿದಳು.

"ಅಪ್ಪಾ," ಎಂದು ಅಡಿಗೆಮನೆಯಿಂದ ಮಗಳು ಕೂಗಿದಳು, "ಅಮ್ಮಂಗೆ ಹಾಡು ಇಷ್ಟ ಆಯ್ತಾ?"

ಮಾಮ ಕಾಲುಚೀಲ ಹಿಡಿದುಕೊಂಡು ಕೂತೇ ಇದ್ದ.